ಎಸ್ಸೆಸ್ಸೆಲ್ಸಿಯ ಕೊನೆಯ ವಾರಗಳು: ‘ಯಾರಿಗೂ ಹೇಳಬ್ಯಾಡ’ ಅಂದ ಗೆಳೆಯ

(ಪುಣೆಯ ಕನ್ನಡ ಗೆಳೆಯರ ಮುಂದೆ ಆಡಿದ ಮಾತಿನ ಬರಹ ರೂಪ. ಆಡುಮಾತನ್ನ ಆದಷ್ಟು ಹಾಗೇ ಉಳಿಸಿದ್ದೇವೆ.)



ಶನಿವಾರ ಸಾಯಂಕಾಲ, ಹಿಂಜೇವಾಡಿಯಿಂದ, ಖರಾಡಿಯಿಂದ ಆ ಟ್ರಾಫಿಕ್ ದಾಟಿ ಇಲ್ಲಿವರೆಗೆ ಬಂದಿದ್ದೀರಿ. ಮೊದಲು ಅದಕ್ಕೆ ನಿಮಗೊಂದು ನಮಸ್ಕಾರ. ಇಲ್ಲಿ ಬಂದು ಕೂತವರಲ್ಲಿ ಅರ್ಧ ಜನಕ್ಕೆ ನಾಳೆ ಆನ್‌ಕಾಲ್ ಇರುತ್ತೆ ಅಂತ ಗೊತ್ತು, ಹಾಗಾಗಿ ಬೇಗ ಮುಗಿಸ್ತೀನಿ. (ನಗು)

ಹೋದ ತಿಂಗಳು ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಪಕ್ಕದ ಮನೆ ಮರಾಠಿ ಹುಡುಗಿ ಸಿಕ್ಕಳು. ಹತ್ತನೇ ಕ್ಲಾಸು. ಅಮ್ಮನ ಸೀರೆ ಉಟ್ಟಿದ್ದಳು, ನೆರಿಗೆ ಕೈಯಲ್ಲಿ ಹಿಡ್ಕೊಂಡು ನಡೀತಿದ್ದಳು. ಅವತ್ತು ಅವಳ ಸ್ಕೂಲಿನಲ್ಲಿ ಫೇರ್‌ವೆಲ್. “ಅಂಕಲ್, ನಿಮ್ಮ ಕಾಲದಲ್ಲೂ ಫೇರ್‌ವೆಲ್ ಇತ್ತಾ?” ಅಂತ ಕೇಳಿದಳು. ಏಳನೇ ಫ್ಲೋರಿನಿಂದ ಕೆಳಗೆ ಬರೋದರೊಳಗೆ ನಾನು ಉಪ್ಪಿಟ್ಟಿನದೊಂದು, ಪೆಟ್ರೋಮ್ಯಾಕ್ಸ್‌ದೊಂದು, ಇಂಕಿನದೊಂದು, ಹೀಗೆ ಮೂರು ಜೋಕು ಹೇಳಿ ಮುಗಿಸಿದೆ. ಅವಳು ನಕ್ಕಳು, ಹೋದಳು. ನಾನು ಹೋಗಿ ಕಾರಿನಲ್ಲಿ ಕೂತೆ, ಹತ್ತು ನಿಮಿಷ ಸ್ಟಾರ್ಟೇ ಮಾಡಲಿಲ್ಲ.

ಯಾಕಂದ್ರೆ ನಾನು ಹೇಳದೇ ಬಿಟ್ಟ ನಾಲ್ಕನೇದು ಒಂದಿತ್ತು. ಇಪ್ಪತ್ತು ವರ್ಷ ಅದನ್ನ ಯಾರ ಹತ್ತಿರಾನೂ ಹೇಳಿರಲಿಲ್ಲ, ನನ್ನ ಹೆಂಡತಿ ಹತ್ತಿರಾನೂ. ಇವತ್ತು ಅದನ್ನೇ ಹೇಳ್ತೀನಿ.

ನಾನು ಹಾವೇರಿ ಜಿಲ್ಲೆ, ಬ್ಯಾಡಗಿ ತಾಲೂಕಿನ ಒಂದು ಹಳ್ಳಿಯವನು. ಮೆಣಸಿನಕಾಯಿ ಊರು. ನಿಮ್ಮಲ್ಲಿ ಅಡುಗೆ ಮಾಡೋರಿಗೆ ಗೊತ್ತು, ಬ್ಯಾಡಗಿ ಮೆಣಸಿನಕಾಯಿ ಅಂದ್ರೆ ಖಾರ ಕಡಿಮೆ, ಬಣ್ಣ ಜಾಸ್ತಿ. ಅದರಲ್ಲೂ ಡಬ್ಬಿ, ಕಡ್ಡಿ ಅಂತ ಎರಡು ತಳಿ. 2011ರಲ್ಲಿ ಅದಕ್ಕೆ ಜಿಐ ಟ್ಯಾಗೂ ಬಂತು. ಇಲ್ಲಿ ಮಾಲ್‌ನಲ್ಲಿ ಪ್ಯಾಕೆಟ್ ಮೇಲೆ ‘ಬ್ಯಾಡಗಿ’ ಅಂತ ನೋಡಿದಾಗ ಈಗಲೂ ನಾನು ಸುಮ್ಮನೆ ಒಂದು ಎತ್ತಿ ಟ್ರಾಲಿಗೆ ಹಾಕ್ತೀನಿ. ಮನೇಲಿ ಮೂರು ಇರುತ್ತೆ. (ನಗು)

ನಾನು ಎಸ್ಸೆಸ್ಸೆಲ್ಸಿ ಮಾಡಿದ್ದು 2003ರಲ್ಲಿ, ಊರಿನ ಸರ್ಕಾರಿ ಪ್ರೌಢಶಾಲೆ, ಕನ್ನಡ ಮಾಧ್ಯಮ. ಹತ್ತನೇ ಕ್ಲಾಸಿನಲ್ಲಿ ನಾವು 41 ಮಕ್ಕಳು. ಆ ವರ್ಷದ ಎರಡು ವಿಷಯ ನೆನಪಿಡಿ. ಒಂದು, ವರ್ಲ್ಡ್ ಕಪ್. ಇನ್ನೊಂದು, ಬರ. 2001ರಿಂದ ಮೂರು ವರ್ಷ ಕರ್ನಾಟಕದಲ್ಲಿ ಸಾಲಾಗಿ ಬರ ಬಿತ್ತು. ನಿಮ್ಮಲ್ಲಿ ಉತ್ತರ ಕರ್ನಾಟಕದವರಿಗೆ ಅದನ್ನ ನಾನು ವಿವರಿಸಬೇಕಾಗಿಲ್ಲ. ವರ್ಲ್ಡ್ ಕಪ್ ನಮಗೆ, ಅಂದ್ರೆ ಹುಡುಗರಿಗೆ ಕಾಣಿಸ್ತಿತ್ತು. ಬರ ನಮ್ಮ ಅಪ್ಪಂದಿರಿಗೆ ಕಾಣಿಸ್ತಿತ್ತು.

ನಮ್ಮ ಕಡೆ ಹಳ್ಳಿ ಹೈಸ್ಕೂಲುಗಳಲ್ಲಿ ಒಂದು ಪದ್ಧತಿ ಇತ್ತು. ಸಂಕ್ರಾಂತಿ ಮುಗೀತು ಅಂದ್ರೆ ಹತ್ತನೇ ಕ್ಲಾಸಿನ ಗಂಡು ಹುಡುಗರೆಲ್ಲ ರಾತ್ರಿ ಶಾಲೆಯಲ್ಲೇ ಓದಿ ಶಾಲೆಯಲ್ಲೇ ಮಲಗಬೇಕು. ಹಾಸಿಗೆ ಸುತ್ತಿಕೊಂಡು, ಬುತ್ತಿ ಕಟ್ಟಿಕೊಂಡು ಸಂಜೆ ಏಳಕ್ಕೆ ಹಾಜರ್. ಹುಡುಗಿಯರು ಎಂಟರವರೆಗೆ ಓದ್ತಿದ್ರು, ಆಮೇಲೆ ಅವರ ಅಪ್ಪನೋ ಅಣ್ಣನೋ ಬ್ಯಾಟರಿ ಹಿಡ್ಕೊಂಡು ಬಂದು ಕರ್ಕೊಂಡು ಹೋಗೋರು. ಕರೆಂಟು ಬಂದರೆ ಬಂತು, ಹೋದರೆ ಹೋಯ್ತು. ಒಂದು ಪೆಟ್ರೋಮ್ಯಾಕ್ಸ್ ಇತ್ತು, ಅದರ ಸುತ್ತ ಎಲ್ಲರೂ. ಬೆಳಕಿನ ಹತ್ತಿರ ಕೂತವನಿಗೆ ಹುಳ ಕಚ್ಚೋದು, ದೂರ ಕೂತವನಿಗೆ ನಿದ್ದೆ ಬರೋದು. ಎರಡರ ನಡುವೆ ಜಾಗ ಹಿಡಿಯೋಕೆ ದಿನಾ ಜಗಳ.

ನಮ್ಮ ಗಣಿತದ ಸರ್ ಊರಲ್ಲೇ ರೂಮು ಮಾಡಿಕೊಂಡಿದ್ದರು. ಅವರೂ ನಮ್ಮ ಜೊತೆ ಶಾಲೆಯಲ್ಲೇ ಮಲಗೋರು. ಬೆಳಗ್ಗೆ ನಾಲ್ಕಕ್ಕೆ ಎದ್ದು, ವರಾಂಡದಲ್ಲಿ ಗಂಟೆ ಅಂತ ನೇತುಹಾಕಿದ್ದ ರೈಲು ಹಳಿ ತುಂಡಿಗೆ ಕಬ್ಬಿಣದ ಸರಳಿನಿಂದ ಬಾರಿಸೋರು. ಆ ಸದ್ದಿಗೆ ನಾವಷ್ಟೇ ಅಲ್ಲ, ಅರ್ಧ ಊರು ಏಳೋದು. ಇವತ್ತಿಗೂ ಪ್ರೊಡಕ್ಷನ್ ಇಶ್ಯೂ ಅಂತ ರಾತ್ರಿ ಮೂರಕ್ಕೆ ಫೋನು ಬಂದರೆ ನನಗೆ ಮೊದಲು ನೆನಪಾಗೋದು ಆ ರೈಲು ಹಳಿ.

ಊಟ ಮಾತ್ರ ಹಬ್ಬ. ಎಲ್ಲರ ಬುತ್ತಿ ಬಿಚ್ಚಿ ನಡುವೆ ಇಡೋದು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಲೆ, ಯಾರದೋ ಮನೆಯ ಬದನೆಕಾಯಿ ಎಣ್ಣೆಗಾಯಿ. ಯಾರ ಮನೇದು ಯಾವುದು ಅಂತ ಮೂರು ದಿನದಲ್ಲಿ ಗೊತ್ತಾಗಿಬಿಡ್ತಿತ್ತು. ಯಾರ ಬುತ್ತಿ ದಿನದಿಂದ ದಿನಕ್ಕೆ ಸಣ್ಣದಾಗ್ತಿದೆ ಅನ್ನೋದೂ ಗೊತ್ತಾಗ್ತಿತ್ತು. ಅದನ್ನ ಯಾರೂ ಬಾಯಿಬಿಟ್ಟು ಹೇಳ್ತಿರಲಿಲ್ಲ. ರೊಟ್ಟಿ ಆ ಕಡೆ ಸ್ವಲ್ಪ ಸರಿಸಿ ಇಡ್ತಿದ್ರು, ಅಷ್ಟೆ.

ದಿನದಿಂದ ದಿನಕ್ಕೆ ಬುತ್ತಿ ಸಣ್ಣದಾಗ್ತಿದ್ದವನು ನನ್ನ ಬೆಂಚಿನವನು. ಅವನ ಹೆಸರು ಹೇಳಲ್ಲ. ಈ ಮಾತು ಹೇಳೋಕೆ ಅವನನ್ನ ಕೇಳಿದ್ದೀನಿ, ಹೆಸರು ಬೇಡ ಅಂದಿದ್ದಾನೆ.

ಎಂಟನೇ ಕ್ಲಾಸಿನಿಂದ ಮೂರು ವರ್ಷ ಒಂದೇ ಬೆಂಚು. ಕ್ಲಾಸಿಗೆ ಮೊದಲನೆಯವನು ಅವನು, ಎರಡನೆಯವನು ನಾನು. ಮೂರು ವರ್ಷದಲ್ಲಿ ಒಂದೇ ಒಂದು ಟೆಸ್ಟಿನಲ್ಲೂ ಇದು ತಿರುವುಮುರುವು ಆಗಲಿಲ್ಲ. ನಾನು ಕಂಠಪಾಠದವನು. ಅವನು ಹಾಗಲ್ಲ. ಥೇಲ್ಸ್ ಪ್ರಮೇಯ ಬೋರ್ಡ್ ಮೇಲೆ ಅರ್ಧ ಬರೆಯೋದರೊಳಗೆ, “ಸರ್, ಇನ್ನೊಂದು ಗೆರಿ ಇಲ್ಲಿಂದ ಎಳದ್ರ ಎರಡ ಹೆಜ್ಜ್ಯಾಗ ಮುಗೀತೈತ್ರಿ” ಅನ್ನೋನು. ಸರ್ ಒಂದು ನಿಮಿಷ ನಿಂತು ನೋಡಿ, ಚಾಕ್‌ಪೀಸ್ ಅವನ ಕಡೆ ಎಸೆಯೋರು. “ಬಾರಲೇ, ನೀನ ಬರಿ.”

ಜನವರಿಯಿಂದ ಮಾರ್ಚ್‌ವರೆಗೆ ನಮ್ಮ ಕಡೆ ಮೆಣಸಿನಕಾಯಿ ಸುಗ್ಗಿ. ಪರೀಕ್ಷೆ ಬರೋದೂ ಅದೇ ಹೊತ್ತಿಗೆ. ಬಿಡಿಸೋದು, ಕಣದಲ್ಲಿ ಒಣಗಿಸೋದು, ತೊಟ್ಟು ಮುರಿಯೋದು. ಆ ವರ್ಷ ಅವರ ಹೊಲದಲ್ಲಿ ಬೆಳೆ ಬಂದಿದ್ದೇ ಅಷ್ಟಕ್ಕಷ್ಟೆ. ಹಾಗಾಗಿ ಅವನು, ಅವನ ಅವ್ವ, ತಂಗಿ ಬೇರೆಯವರ ಕಣಕ್ಕೆ ಕೂಲಿ ಹೋಗ್ತಿದ್ದರು. ಬೆಳಗ್ಗೆ ತೊಟ್ಟು ಮುರಿದು ಶಾಲೆಗೆ ಬರ್ತಿದ್ದ. ಬೆರಳು ಉರಿ. ಪೆನ್ನು ಹಿಡಿಯೋಕೆ ಆಗದೆ ಬೆರಳು ಊದಿಕೊಂಡು ಕೂರ್ತಿದ್ದ. ಅಪ್ಪಿತಪ್ಪಿ ಕಣ್ಣು ಉಜ್ಜಿಕೊಂಡರೆ ಮುಗೀತು, ಒಂದು ಪೀರಿಯಡ್ ಪೂರ್ತಿ ಕಣ್ಣಲ್ಲಿ ನೀರು. ನಾವು ನಗ್ತಿದ್ದೆವು. ಅವನೂ ನಗ್ತಿದ್ದ.

ಶಿವರಾತ್ರಿ ದಿನ, ಮಾರ್ಚ್ 1, ಭಾರತ-ಪಾಕಿಸ್ತಾನ ಮ್ಯಾಚು. ಸಚಿನ್ 98 ಹೊಡೆದ ಮ್ಯಾಚು. ಇಲ್ಲಿರೋ ನನ್ನ ವಯಸ್ಸಿನವರಿಗೆಲ್ಲ ಅವತ್ತು ತಾವು ಎಲ್ಲಿ ಕೂತಿದ್ದೆವು ಅಂತ ನೆನಪಿದೆ, ಹೌದೋ ಇಲ್ವೋ? (ಸಭೆಯಿಂದ ‘ಹೌದು’) ನಾವು ಊರಿನ ಒಬ್ಬರ ಮನೆ ಕಟ್ಟೆ ಮೇಲೆ, ಟ್ರ್ಯಾಕ್ಟರ್ ಬ್ಯಾಟರಿಗೆ ಹಚ್ಚಿದ ಪುಟ್ಟ ಟಿವಿ ಮುಂದೆ. ಸರ್ ಹುಡುಕಿಕೊಂಡು ಬಂದರು. ಎಲ್ಲರೂ ಓಡೋಕೆ ರೆಡಿ. ಅವರು ಬಂದು ಪಕ್ಕದಲ್ಲೇ ಕೂತು, “ಇವತ್ತ ಹೆಂಗೂ ಜಾಗರಣಿ. ಮ್ಯಾಚ್ ಮುಗಿದ ಮ್ಯಾಲೆ ಬೆಳತನಾ ಓದ್ರಿ” ಅಂದರು. ಆ ರಾತ್ರಿ ಗೆದ್ದ ಖುಷಿಯಲ್ಲಿ ನಿಜವಾಗಲೂ ಬೆಳಗಿನವರೆಗೆ ಓದಿದೆವು. ನನ್ನ ಗೆಳೆಯ ಎಲ್ಲರಿಗೂ ತ್ರಿಕೋನಮಿತಿ ಹೇಳಿಕೊಟ್ಟ. ನನ್ನ ಹೈಸ್ಕೂಲಿನ ಅತ್ಯಂತ ಸುಖದ ರಾತ್ರಿ ಯಾವುದು ಅಂದರೆ ಅದೇ.

ಅದೇ ವರ್ಲ್ಡ್ ಕಪ್ಪಿನ ಫೈನಲ್ ಸೋತದ್ದು 125 ರನ್ನಿನಿಂದ. ನಮ್ಮ ಕನ್ನಡ ಪೇಪರಿಗೆ ಎಷ್ಟು ಅಂಕವೋ ಅಷ್ಟೇ ರನ್ನು. ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ನೂರು ನೂರು, ಒಟ್ಟು 625. ಆ 625 ಅನ್ನೋ ಸಂಖ್ಯೆ ನಮ್ಮ ತಲೆಯಲ್ಲಿ ಹೇಗೆ ಕೂತಿತ್ತು ಅಂದ್ರೆ ಅಂಗಡಿಯವನು ಬಿಲ್ಲು 625 ಅಂದರೂ ಶೇಕಡಾ ನೂರು ಅನ್ನಿಸೋದು.

ಆಮೇಲೆ ಆಟೋಗ್ರಾಫ್ ಪುಸ್ತಕದ ಸೀಸನ್ನು. ಬ್ಯಾಡಗಿ ಪೇಟೆಯಿಂದ ತಂದ ಪುಟ್ಟ ಪುಸ್ತಕ, ಗುಲಾಬಿ, ಹಳದಿ, ತಿಳಿಹಸಿರು ಹಾಳೆ. ಒಂದೊಂದು ಹಾಳೆಯಲ್ಲೂ ಅಚ್ಚಾದ ಪ್ರಶ್ನೆಗಳು. ಹೆಸರು, ಹುಟ್ಟಿದ ದಿನ, ಮೆಚ್ಚಿನ ನಟ, ಜೀವನದ ಗುರಿ, ವಿಳಾಸ. ಮೆಚ್ಚಿನ ನಟನ ಜಾಗದಲ್ಲಿ ಎರಡು ಪಾರ್ಟಿ ಇತ್ತು, ಅದರ ಮೇಲೆ ಹೊಡೆದಾಟ ಆಗಿ ಒಂದು ಪುಸ್ತಕ ಹರಿದೂ ಹೋಯ್ತು. ಗುರಿಯ ಜಾಗದಲ್ಲಿ ಎಲ್ಲರೂ ಡಾಕ್ಟರ್, ಇಂಜಿನಿಯರ್, ಡಿಸಿ. 41 ಮಕ್ಕಳ ಕ್ಲಾಸಿನಲ್ಲಿ ಒಂಬತ್ತು ಡಿಸಿ. (ನಗು)

ನನ್ನ ಗೆಳೆಯನಿಗೆ ಪುಸ್ತಕ ಕೊಟ್ಟೆ. ಎರಡು ದಿನ ಇಟ್ಟುಕೊಂಡು ವಾಪಸ್ ಕೊಟ್ಟ. ಹೆಸರು ಬರೆದಿದ್ದ. ಹುಟ್ಟಿದ ದಿನ ಜೂನ್ 1. ಅದು ಶಾಲೆಗೆ ಸೇರಿಸುವಾಗ ಮಾಸ್ತರು ಕೊಟ್ಟ ಹುಟ್ಟುಹಬ್ಬ, ನಮ್ಮಲ್ಲಿ ಅರ್ಧ ಕ್ಲಾಸಿನದು ಅದೇ ದಿನ. ಗುರಿಯಲ್ಲಿ ‘ಗಣಿತ ಮಾಸ್ತರ’ ಅಂತ ಬರೆದಿದ್ದ. ವಿಳಾಸದ ಜಾಗ ಖಾಲಿ.

“ವಿಳಾಸ ಯಾಕ ಬರದಿಲ್ಲಲೇ?” ಅಂದೆ.

“ಯಾವ್ದು ಬರೀಲಿ?” ಅಂದ.

ನಾನು ಅದನ್ನ ಜೋಕು ಅಂದುಕೊಂಡೆ. ಅವನ ಮನೆ ನಮ್ಮ ಓಣಿಯಿಂದ ನಾಲ್ಕನೇ ಓಣಿ. ನನ್ನ ಪುಸ್ತಕದಲ್ಲಿ ಅವನ ವಿಳಾಸ ಯಾಕೆ ಬೇಕು ಅನ್ನೋ ಅರ್ಥದಲ್ಲಿ ಹೇಳ್ತಿದ್ದಾನೆ ಅಂತ ತಿಳಿದೆ.

ಬೀಳ್ಕೊಡುಗೆ ಸಮಾರಂಭ ಆಯ್ತು. ಶಾರದಾ ಪೂಜೆ, ಒಂಬತ್ತನೇ ಕ್ಲಾಸಿನವರು ಮಾಡಿದ ಉಪ್ಪಿಟ್ಟು, ಕೇಸರಿಬಾತು. ಉಪ್ಪಿಟ್ಟಿಗೆ ಇಬ್ಬರು ಬೇರೆ ಬೇರೆ ಉಪ್ಪು ಹಾಕಿದ್ದರು. ಯಾರೂ ಮಾತಾಡದೆ ತಿಂದೆವು. ಹೆಡ್‌ಮಾಸ್ಟರ್ ಮಾತಾಡುವಾಗ ಗಂಟಲು ಕಟ್ಟಿತು, ಹುಡುಗಿಯರು ಅತ್ತರು, ಗಂಡು ಹುಡುಗರು ಕಿಟಕಿ ಆಚೆ ನೋಡಿದೆವು. ಗ್ರೂಪ್ ಫೋಟೋಕ್ಕೆ ಹಾವೇರಿಯಿಂದ ಫೋಟೋಗ್ರಾಫರ್ ಬಂದಿದ್ದ. ಫೋಟೋ ಕಾಪಿಗೆ ದುಡ್ಡು ಕೊಟ್ಟವರ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಹಾಗಂತ ಅವನು ಹಿಂದಿನ ಸಾಲಿನ ತುದಿಯಲ್ಲಿ ನಿಂತ. ಸರ್ ಎಳೆದು ತಂದು ತಮ್ಮ ಹಿಂದೆ ನಿಲ್ಲಿಸಿಕೊಂಡರು. ಆಮೇಲೆ ಇಂಕು. ಬಿಳಿ ಶರ್ಟಿನ ಮೇಲೆಲ್ಲ ನೀಲಿ. ಮನೆಗೆ ಹೋದ ಮೇಲೆ ನನ್ನ ಅವ್ವ ಬೈದದ್ದು ಬೇರೆ ಕಥೆ. ಅವನು ಮಾತ್ರ ಶರ್ಟು ಬಿಚ್ಚಿ ಮರಕ್ಕೆ ನೇತುಹಾಕಿ, ಬನಿಯನ್ ಮೇಲೆ ಆಟಕ್ಕೆ ಇಳಿದಿದ್ದ. “ಇದ್ದದ್ದ ಒಂದು ಬಿಳಿ ಅಂಗಿ, ಹೋದಲ್ಲೆ ಬೇಕಾಕ್ಕೈತಿ” ಅಂದ. ‘ಹೋದಲ್ಲೆ’ ಅಂದ. ಅದನ್ನೂ ನಾನು ಕೇಳಿಸಿಕೊಳ್ಳಲಿಲ್ಲ.

ಪರೀಕ್ಷೆಗೆ ಇನ್ನು ಹತ್ತು ದಿನ ಇರಬೇಕು. ಒಂದು ರಾತ್ರಿ ಶಾಲೆಯಲ್ಲಿ ಎಲ್ಲರೂ ಮಲಗಿದ ಮೇಲೆ ಅವನು ನನ್ನನ್ನ ಎಬ್ಬಿಸಿದ. ವರಾಂಡಕ್ಕೆ ಕರೆದುಕೊಂಡು ಹೋದ.

“ನಾಡದ ಗೋವಾಕ್ಕ ಹೊಂಟೀನಿ. ಮಾಮಾ ಅದಾನ, ಬಿಲ್ಡಿಂಗ್ ಕೆಲಸ. ಅಪ್ಪ ಸಾಲದವರ ಕಡೆ ಮುಂಗಡ ತಗೊಂಡಾನ.”

“ಪರೀಕ್ಷೆ?”

“ಬರಂಗಿಲ್ಲ.”

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಆಮೇಲೆ ಅವನು ಹೇಳಿದ: “ಯಾರಿಗೂ ಹೇಳಬ್ಯಾಡ. ಸರ್‌ಗಂತೂ ಹೇಳಬ್ಯಾಡ. ಆಣಿ ಹಾಕು.”

ಆಣೆ ಹಾಕಿದೆ.

ಈಗ ನಾನು ಹೇಳೋಕೆ ಬಂದ ಮಾತು ಇದು. ಅವನು ಹೋಗಿ ಮಲಗಿದ ಮೇಲೆ ನನಗೆ ದುಃಖ ಆಯ್ತು, ನಿಜ. ಆದರೆ ಅದರ ಕೆಳಗೆ ಇನ್ನೊಂದು ಇತ್ತು. ಹಾಸಿಗೆಯಲ್ಲಿ ಬಿದ್ದುಕೊಂಡು ನಾನು ಲೆಕ್ಕ ಹಾಕಿದೆ. ಇವನು ಬರೆಯದಿದ್ದರೆ ಶಾಲೆಗೆ ಫಸ್ಟ್ ಯಾರು? ಹದಿನೈದು ವರ್ಷದ ಹುಡುಗ ನಾನು. ಮೂರು ವರ್ಷ ಎರಡನೆಯವನಾಗಿದ್ದೆ. ಆ ಲೆಕ್ಕ ಒಂದೇ ಕ್ಷಣ ಬಂತು. ಮರುಕ್ಷಣ ನಾಚಿಕೆಯಾಗಿ ಮುಖದ ಮೇಲೆ ಕಂಬಳಿ ಎಳೆದುಕೊಂಡೆ. ಆದರೆ ಬಂದದ್ದು ಬಂದದ್ದೇ.

ನಮ್ಮ ಸರ್ ಹೇಗಿದ್ದರು ಅಂದರೆ, ಹುಡುಗರು ಎರಡು ದಿನ ಬರದಿದ್ದರೆ ಸೈಕಲ್ ತಗೊಂಡು ಅವರ ಹೊಲಕ್ಕೇ ಹೋಗೋರು. ಆ ವರ್ಷವೂ ಹೋಗಿದ್ದರು. ಒಬ್ಬ ಕುರಿ ಕಾಯೋಕೆ ಹೋಗಿದ್ದ, ಅವನನ್ನ ಕರ್ಕೊಂಡು ಬಂದಿದ್ದರು. ಒಬ್ಬಳಿಗೆ ಮದುವೆ ಮಾತು ನಡೆದಿತ್ತು, ಅವರ ಮನೆ ಕಟ್ಟೆ ಮೇಲೆ ರಾತ್ರಿ ಹತ್ತರವರೆಗೆ ಕೂತು ಪರೀಕ್ಷೆ ಮುಗಿಯೋವರೆಗೆ ತಡೀರಿ ಅಂತ ಒಪ್ಪಿಸಿದ್ದರು. ನನಗೆ ಇದೆಲ್ಲ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ಸರ್ ಏನು ಮಾಡ್ತಿದ್ದರು ಅನ್ನೋದು ನನಗೆ ಚೆನ್ನಾಗಿ ಗೊತ್ತಿತ್ತು.

ನಾನು ಹೇಳಲಿಲ್ಲ. ಆಣೆ ಇತ್ತಲ್ಲ. ಆ ಆಣೆ ನನಗೆ ಅನುಕೂಲವೂ ಆಗಿತ್ತು.

ಎರಡು ದಿನ ಆದ ಮೇಲೆ ಅವನು ಬರಲಿಲ್ಲ. “ಎಲ್ಲಿ ನಿನ್ನ ಜೋಡಿ?” ಅಂತ ಸರ್ ಕೇಳಿದರು. “ಅವರ ಅಜ್ಜಿ ಊರಿಗೆ ಹೋಗ್ಯಾನ್ರಿ, ಓದಾಕ. ಪರೀಕ್ಷೆಕ್ಕ ನೇರ ಬ್ಯಾಡಗಿಗೆ ಬರ್ತಾನ್ರಿ” ಅಂದೆ. ಇದು ಆಣೆಯಲ್ಲಿ ಇರಲಿಲ್ಲ. ಇಷ್ಟನ್ನ ನಾನೇ ಸೇರಿಸಿದೆ. ಸರ್ ನಂಬಿದರು. ಯಾಕಂದ್ರೆ ಹೇಳಿದವನು ನಾನು.

ಪರೀಕ್ಷೆ ಸೆಂಟರು ತಾಲೂಕಿನಲ್ಲಿ. ಮೊದಲ ದಿನ ನನ್ನ ಮುಂದೆ ಎರಡು ಬೆಂಚು ಬಿಟ್ಟು ಅವನ ನಂಬರಿನ ಡೆಸ್ಕು. ಚಾಕ್‌ಪೀಸಿನಲ್ಲಿ ನಂಬರು ಬರೆದಿದ್ದರು. ಮೇಲ್ವಿಚಾರಕರು ಆ ನಂಬರ್ ಎರಡು ಸಲ ಕೂಗಿದರು, ಹಾಳೆ ಮೇಲೆ ಏನೋ ಗುರುತು ಹಾಕಿ ಮುಂದೆ ಹೋದರು. ಅಷ್ಟೆ. ಮೂರು ವರ್ಷದ ಮೊದಲನೆಯವನು ಅರ್ಧ ನಿಮಿಷದಲ್ಲಿ ಗೈರುಹಾಜರು.

ಪೇಪರ್ ಮುಗಿಸಿ ಹೊರಗೆ ಬಂದರೆ ಗೇಟಿನ ಹತ್ತಿರ ಸರ್ ನಿಂತಿದ್ದರು. ಅವರ ಕೈಯಲ್ಲಿ ಎರಡು ಬಾಳೆಹಣ್ಣು. ಪ್ರತಿ ವರ್ಷ ಹೀಗೇ ಗೇಟಿನಲ್ಲಿ ನಿಂತು ಹುಡುಗರಿಗೆ ಹಣ್ಣು ಕೊಡೋರು. ನನಗೊಂದು ಕೊಟ್ಟರು. ಇನ್ನೊಂದು ಕೈಯಲ್ಲೇ ಇತ್ತು. “ನಿನಗ ಗೊತ್ತಿತ್ತೇನು?” ಅಂದರು.

“ಇಲ್ರಿ ಸರ್.”

ಅವನ ಪರೀಕ್ಷೆ ಫೀ ಕಟ್ಟಿದ್ದು ಸರ್ ಅಂತ ನನಗೆ ಆಮೇಲೆ ಗೊತ್ತಾಯ್ತು.

ರಿಸಲ್ಟು ಬಂತು. 625ಕ್ಕೆ 541. ಶಾಲೆಗೆ ಫಸ್ಟು. ಅಪ್ಪ ಊರಿಗೆಲ್ಲ ಪೇಡೆ ಹಂಚಿದರು. ಧಾರವಾಡ ಪೇಡೆ, ಬಸ್ಸಿನಲ್ಲಿ ಹೋಗಿ ತಂದದ್ದು. ಸಂಜೆ ಅವನ ಅವ್ವ ನಮ್ಮ ಮನೆಗೆ ಬಂದರು. ಬಾಗಿಲಲ್ಲೇ ನಿಂತು, ಪೇಡೆ ತಗೊಂಡು, ಸೆರಗಿನ ತುದಿಯಲ್ಲಿ ಕಟ್ಟಿಕೊಂಡರು, ಮಗಳಿಗೆ ಅಂತ. ಹೋಗುವಾಗ ತಿರುಗಿ ಕೇಳಿದರು: “ನಮ್ಮಾಂವ ಬರದಿದ್ರ ಪಾಸ್ ಆಗತಿದ್ನೇನೋ ಯಪ್ಪಾ?”

“ಆಗತಿದ್ದ ಬೇ” ಅಂದೆ. ಫಸ್ಟ್ ಬರ್ತಿದ್ದ ಅಂತ ಹೇಳೋ ಧೈರ್ಯ ಬರಲಿಲ್ಲ.

ಪೂರಕ ಪರೀಕ್ಷೆ ಅನ್ನೋದು ಆಗಲೂ ಇತ್ತು. ಊರು ಬಿಟ್ಟು ಹೋದ ಹುಡುಗನಿಗೆ ಅರ್ಜಿ ತುಂಬಿಸೋರು ಯಾರು?

ಮುಂದಿನದು ನಿಮ್ಮೆಲ್ಲರ ಕಥೆಯ ಹಾಗೇ. ಹುಬ್ಬಳ್ಳಿಯಲ್ಲಿ ಪಿಯುಸಿ, ಇಂಜಿನಿಯರಿಂಗು, ರಿಸೆಷನ್ನಿನಲ್ಲಿ ಒಂದು ವರ್ಷ ಕೆಲಸ ಇಲ್ಲದೆ ಕೂತದ್ದು, 2010ರಲ್ಲಿ ಪುಣೆ. ಇಂಟರ್‌ವ್ಯೂನಲ್ಲಿ ‘ಟೆಲ್ ಮೀ ಅಬೌಟ್ ಯುವರ್‌ಸೆಲ್ಫ್’ ಅಂದಾಗೆಲ್ಲ ನಾನು ‘ಸ್ಕೂಲ್ ಟಾಪರ್’ ಅಂತ ಶುರು ಮಾಡ್ತಿದ್ದೆ. ರೆಸ್ಯೂಮೆಯಲ್ಲೂ ಇತ್ತು. ಹೇಳುವಾಗ ಪ್ರತಿ ಸಲ ಆ ಚಾಕ್‌ಪೀಸಿನ ನಂಬರು ಕಣ್ಣ ಮುಂದೆ ಬರೋದು. ಆದರೂ ತೆಗೆಯಲಿಲ್ಲ.

ಆಮೇಲೆ ವಾಟ್ಸಾಪು ಬಂತು. ಲಾಕ್‌ಡೌನಿನಲ್ಲಿ ನಮ್ಮ 2003ರ ಬ್ಯಾಚಿನ ಗ್ರೂಪು ಆಯ್ತು. 2023ಕ್ಕೆ ಇಪ್ಪತ್ತು ವರ್ಷ ಅಂತ ಎಲ್ಲ ಕಡೆ ಮಾಡೋ ಹಾಗೆ ಗುರುವಂದನೆ ಇಟ್ಟುಕೊಂಡೆವು. ಶಾಲು, ಹಾರ, ನೆನಪಿನ ಕಾಣಿಕೆ, ಡ್ರೋನ್ ಕ್ಯಾಮೆರಾ. ಒಂಬತ್ತು ಡಿಸಿಗಳಲ್ಲಿ ಒಬ್ಬನೂ ಡಿಸಿ ಆಗಿರಲಿಲ್ಲ, ಒಬ್ಬ ಡಿಸಿ ಆಫೀಸಿನಲ್ಲಿ ಡ್ರೈವರ್ ಆಗಿದ್ದ. ಅವನೇ ಎಲ್ಲರಿಗಿಂತ ಜಾಸ್ತಿ ನಗಿಸಿದ.

ಅವನೂ ಬಂದಿದ್ದ, ನನ್ನ ಬೆಂಚಿನವನು. ಗೋವಾದಿಂದ. ಈಗ ಟೈಲ್ಸ್ ಕಾಂಟ್ರ್ಯಾಕ್ಟು ಮಾಡ್ತಾನೆ, ಕೈಕೆಳಗೆ ಆರು ಜನ. ಅಲ್ಲಿ ನಮ್ಮ ಹೈಸ್ಕೂಲಿನ ವರಾಂಡಕ್ಕೆ ಟೈಲ್ಸ್ ಹಾಕಿಸೋಣ ಅಂತ ಮಾತು ಬಂತು. ಅವನು ಉದ್ದಕ್ಕೆ, ಅಗಲಕ್ಕೆ ಒಂದು ಸಲ ನಡೆದು, ಎಷ್ಟು ಬಾಕ್ಸು, ಎಷ್ಟು ವೇಸ್ಟು ಅಂತ ಬಾಯಲ್ಲೇ ಹೇಳಿಬಿಟ್ಟ. ನಾನು ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ತೆಗೆದು ಚೆಕ್ ಮಾಡಿದೆ. ಸರಿಯಿತ್ತು.

ಸರ್‌ಗೆ ಈಗ ರಿಟೈರ್ ಆಗಿ ವರ್ಷಗಳಾಗಿವೆ. ಮೈಕು ಹಿಡಿದು ನಮ್ಮ ಬ್ಯಾಚಿನ ಬಗ್ಗೆ ಮಾತಾಡಿದರು. “ಆ ವರ್ಷ ಇಬ್ಬರನ್ನ ಮನೀ ತನಕಾ ಹೋಗಿ ಪರೀಕ್ಷೆಕ್ಕ ಕರಕೊಂಡ ಬಂದೆ. ಒಬ್ಬಾಂವ ತಪ್ಪಿಸಿಕೊಂಡ. ನನಗ ತಿಳೀಲೇ ಇಲ್ಲ” ಅಂದರು. ಎಲ್ಲರೂ ಅವನ ಕಡೆ ತಿರುಗಿ ನಕ್ಕರು. ಅವನೂ ನಕ್ಕ. ನಾನು ನೆಲ ನೋಡಿದೆ.

ಊಟ ಆದ ಮೇಲೆ ಅವನನ್ನ ಅದೇ ವರಾಂಡಕ್ಕೆ ಕರೆದೆ. ಎಲ್ಲ ಹೇಳಿದೆ. ಅಜ್ಜಿ ಊರಿನ ಸುಳ್ಳು, ಬಾಳೆಹಣ್ಣು, ಆ ರಾತ್ರಿ ಕಂಬಳಿ ಒಳಗೆ ಹಾಕಿದ ಲೆಕ್ಕ. ಅವನು ಪೂರ್ತಿ ಕೇಳಿದ. “ಹೋಗಲಿ ಬಿಡು, ಹಳೇ ಮಾತು” ಅಂತಾನೆ ಅಂದುಕೊಂಡಿದ್ದೆ. ಹಾಗೆ ಅನ್ನಲಿಲ್ಲ.

“ಯಾರಿಗೂ ಹೇಳಬ್ಯಾಡ ಅಂದಿದ್ದೆ, ಖರೆ” ಅಂದ. “ಆದರ ನೀ ಹೇಳ್ತಿ ಅಂತ ತಿಳಕೊಂಡಿದ್ದೆ. ಎರಡ ದಿನಾ ದಾರಿ ನೋಡಿದೆ. ಸೈಕಲ್ ಸಪ್ಪಳ ಆದ್ರ ಸಾಕು, ಎದ್ದು ಬಾಗಿಲಿಗೆ ಬರತಿದ್ದೆ.”

(ಸ್ವಲ್ಪ ಹೊತ್ತು ಮೌನ)

ಕ್ಷಮಿಸಿ.

ಆಮೇಲೆ ಅವನೇ ನನ್ನ ಬೆನ್ನು ತಟ್ಟಿದ. “ಸರ್ ಬಂದಿದ್ರೂ ಅಪ್ಪ ಕೇಳತಿದ್ನೋ ಇಲ್ಲೋ. ಮುಂಗಡಾ ಇಸಗೊಂಡಿದ್ದ” ಅಂದ. ಇರಬಹುದು. ಸರ್ ಬಂದಿದ್ದರೆ ಎಲ್ಲ ಸರಿಹೋಗ್ತಿತ್ತು ಅಂತ ನಾನೂ ಹೇಳಲ್ಲ. ಸಾಲ ಸರ್‌ಗಿಂತ ದೊಡ್ಡದಿತ್ತು. ಆದರೆ ಬಾಗಿಲಿಗೆ ಒಬ್ಬರು ಬರಬೇಕಿತ್ತು. ಬರದ ಹಾಗೆ ಮಾಡಿದವನು ನಾನು.

ನಾವಿಬ್ಬರೂ ಒಳಗೆ ಹೋಗಿ ಸರ್‌ಗೂ ಹೇಳಿದೆವು. ಅವರು ಬಹಳ ಹೊತ್ತು ಏನೂ ಅನ್ನಲಿಲ್ಲ. ಕೊನೆಗೆ, “ನೀನೂ ಸಣ್ಣಾಂವ ಇದ್ದಿ” ಅಂದರು. ಕ್ಷಮಿಸಿದರೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಕೇಳೋಕೂ ಹೋಗಿಲ್ಲ.

ಇದನ್ನ ಇಲ್ಲಿ ಯಾಕೆ ಹೇಳಿದೆ ಅಂದರೆ, ಇಲ್ಲಿ ಕೂತ ನಾವೆಲ್ಲ ಯಾವುದೋ ಒಂದು ಊರಿನ ಹೈಸ್ಕೂಲಿನಿಂದ ಬಂದವರು. ಹಳೇ ಶಾಲೆ ಅಂದ ಕೂಡಲೇ ನಮಗೆ ಪ್ರೀತಿ ಉಕ್ಕುತ್ತೆ. ಆಗಸ್ಟ್ ಹದಿನೈದಕ್ಕೆ ನೋಟ್‌ಬುಕ್ ಕಳಿಸ್ತೀವಿ, ಪ್ರೊಜೆಕ್ಟರ್ ಕೊಡಿಸ್ತೀವಿ, ಗೋಡೆ ಮೇಲೆ ಬ್ಯಾಚಿನ ಹೆಸರು ಬರೆಸ್ತೀವಿ. ಒಳ್ಳೇದೇ, ಬೇಡ ಅನ್ನಲ್ಲ. ಆದರೆ ಪರೀಕ್ಷೆ ತಪ್ಪಿಸಿಕೊಳ್ಳೋ ಹುಡುಗ ತಪ್ಪಿಸಿಕೊಳ್ಳೋದು ಜನವರಿ, ಫೆಬ್ರವರಿ, ಮಾರ್ಚಿನಲ್ಲಿ. ಆ ಹೊತ್ತಿಗೆ ಒಂದು ಫೋನು ಮಾಡಿ. ಹೆಡ್‌ಮಾಸ್ಟರಿಗೆ ಒಂದೇ ಪ್ರಶ್ನೆ ಕೇಳಿ: “ಹತ್ತನೇ ಕ್ಲಾಸಿನಲ್ಲಿ ಈ ವಾರ ಯಾರು ಬಂದಿಲ್ಲ ಸರ್?” ನಾನು ಮೂರು ವರ್ಷದಿಂದ ಕೇಳ್ತಿದ್ದೀನಿ. ಕೆಲವು ಸಲ ಉತ್ತರ ‘ಎಲ್ಲರೂ ಬಂದಾರ’. ಒಂದು ಸಲ ಒಬ್ಬ ಹುಡುಗನ ಹೆಸರು ಹೇಳಿದರು. ಊರಲ್ಲಿರೋ ನಮ್ಮ ಬ್ಯಾಚಿನ ಇಬ್ಬರು ಹೋಗಿ ಮಾತಾಡಿದರು. ಆ ಹುಡುಗ ಬರೆದ. ಎಷ್ಟು ಅಂಕ ಅಂತ ನಾನು ಕೇಳಿಲ್ಲ.

ಈಗ ದಾರಿಯೂ ಸ್ವಲ್ಪ ಸುಲಭ ಆಗಿದೆ. 2024ರಿಂದ ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ವಾರ್ಷಿಕ ಪರೀಕ್ಷೆ ಒಂದಕ್ಕಿಂತ ಹೆಚ್ಚು ಸಲ ನಡೆಯುತ್ತೆ. ಒಂದು ತಪ್ಪಿದರೆ ಅದೇ ವರ್ಷ ಇನ್ನೊಂದು ಇರುತ್ತೆ. ಆದರೆ ಇನ್ನೊಂದು ಇದೆ ಅಂತ ಆ ಹುಡುಗನಿಗೆ, ಅವನ ಅಪ್ಪನಿಗೆ ಹೇಳೋರು ಬೇಕು.

ಮತ್ತೆ ಇನ್ನೊಂದು. ನಿಮ್ಮ ಮನೆಯಲ್ಲಿ ಈ ವಯಸ್ಸಿನ ಮಕ್ಕಳಿದ್ದರೆ, ಗೆಳೆಯರ ಗುಟ್ಟು ಇಟ್ಟುಕೊಳ್ಳೋದು ದೊಡ್ಡ ಗುಣ ಅಂತ ಅವರು ನಂಬಿರುತ್ತಾರೆ. ನಾನೂ ನಂಬಿದ್ದೆ. ಕೆಲವು ಗುಟ್ಟು ಹೇಳಿಬಿಡಬೇಕು ಅಂತ ಅವರಿಗೆ ಹೇಳಿ. ಲಿಫ್ಟಿನ ಆ ಹುಡುಗಿಗೆ ನಾನು ಆಮೇಲೆ ಹೇಳಿದೆ. ಈ ಕಥೆ ಪೂರ್ತಿ ಕೇಳಿದ ಮೇಲೆ ಅವಳು, “ಅಂಕಲ್, ಜೋಕುಗಳೇ ಚೆನ್ನಾಗಿದ್ವು” ಅಂದಳು. (ನಗು) ಆದರೆ ಹೋಗುವಾಗ ಸ್ವಲ್ಪ ಹೊತ್ತು ನಿಂತೇ ಇದ್ದಳು.

ಗುರುವಂದನೆ ದಿನ ನಾನು ಆ ಆಟೋಗ್ರಾಫ್ ಪುಸ್ತಕ ತಗೊಂಡು ಹೋಗಿದ್ದೆ. ಗುಲಾಬಿ ಹಾಳೆ ಬಿಳಿಚಿಕೊಂಡಿದೆ. ಅವನ ಪುಟ ತೆಗೆದು, “ಈಗರೆ ವಿಳಾಸ ಬರಿ” ಅಂದೆ. ಪೆನ್ನು ಹಿಡಿದು ಸ್ವಲ್ಪ ಯೋಚನೆ ಮಾಡಿದ. “ಈಗೂ ಬಾಡಿಗಿ ಮನೀನ. ಮುಂದಿನ ತಿಂಗಳ ಬದಲಿ ಮಾಡವರು ಅದೀವಿ” ಅಂತ ನಕ್ಕು, ಆ ಜಾಗದಲ್ಲಿ ಮೊಬೈಲ್ ನಂಬರ್ ಬರೆದ.

ಅವನ ಮಗಳು ಈ ವರ್ಷ ಹತ್ತನೇ ಕ್ಲಾಸು. ಭಾನುವಾರ ಒಮ್ಮೊಮ್ಮೆ ಆ ನಂಬರಿನಿಂದ ಅವಳೇ ಫೋನ್ ಮಾಡ್ತಾಳೆ, ಇಂಗ್ಲಿಷಿನದೇನಾದರೂ ಕೇಳೋಕೆ. ಗಣಿತ ಮಾತ್ರ ನನ್ನನ್ನ ಕೇಳಲ್ಲ. ಅದಕ್ಕೆ ಅವಳ ಅಪ್ಪ ಇದ್ದಾನೆ.

 ಹೊರಗೆ ಚಹಾ ಇದೆ, ಗಿರ್ಮಿಟ್ ಇದೆ. ಮೆಣಸಿನಕಾಯಿ ನಮ್ಮೂರಿನದು.